ಕರ್ತೃವಿಲ್ಲದ ವರದಿಗಳು

“ಕ್ರಮ ಕೈಗೊಳ್ಳಲಾಗುತ್ತಿದೆ.”

ಈ ವಾಕ್ಯದಲ್ಲಿ ಕರ್ತೃಪದ ಯಾವುದು? ಕನ್ನಡ ಪಾಠ ಹೇಳುವ ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಇದನ್ನು ಬರೆದು ಮಕ್ಕಳನ್ನು ಕೇಳುತ್ತೇನೆ. ಅವರು ಹುಡುಕುತ್ತಾರೆ, ಸಿಗುವುದಿಲ್ಲ. ವ್ಯಾಕರಣ ಪುಸ್ತಕದ ಕರ್ಮಣಿ ಪ್ರಯೋಗದಲ್ಲಿ ‘ರಾಮನಿಂದ’ ಎಂದಾದರೂ ಒಬ್ಬ ಇರುತ್ತಾನೆ, ತೃತೀಯಾ ವಿಭಕ್ತಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಿರುತ್ತಾನೆ. ಕಚೇರಿ ಕನ್ನಡ ಅವನನ್ನೂ ಹೊರಗೆ ಕಳಿಸಿಬಿಟ್ಟಿದೆ. ಕೆಲಸ ಉಂಟು, ಮಾಡುವವನಿಲ್ಲ. ಆಡುಮಾತಿನಲ್ಲಿ ಯಾವ ಕನ್ನಡಿಗನೂ ಹೀಗೆ ಮಾತಾಡುವುದಿಲ್ಲ. “ಸಾರು ಮಾಡಲಾಗುತ್ತಿದೆ” ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ, “ಯಾರು ಮಾಡ್ತಿದಾರೆ?” ಎಂದು ಒಳಗಿನಿಂದ ತಕ್ಷಣ ಪ್ರಶ್ನೆ ಬರುತ್ತದೆ.

ನಮ್ಮ ದೇಶ ತನ್ನ ಜನರ ಹಕ್ಕುಗಳ ಬಗ್ಗೆ ಜಗತ್ತಿಗೆ ಒಪ್ಪಿಸುವ ವರದಿಗಳೆಲ್ಲ ಈ ವಾಕ್ಯದ ದೊಡ್ಡ ರೂಪಗಳು ಎಂಬುದು ನನ್ನ ತಕರಾರು. ಇದನ್ನು ಬರೀ ಭಾಷೆಯ ತಕರಾರು ಎಂದುಕೊಳ್ಳಬೇಡಿ. ಕರ್ತೃಪದ ಕಾಣೆಯಾದ ಜಾಗದಲ್ಲಿ ಮನುಷ್ಯರು ಸಾಯುತ್ತಿದ್ದಾರೆ.

ಮೊದಲು ವ್ಯವಸ್ಥೆ ಏನೆಂದು ನೋಡೋಣ. ಭಾರತ ಹಲವು ಮಾನವ ಹಕ್ಕು ಒಡಂಬಡಿಕೆಗಳನ್ನು ಒಪ್ಪಿಕೊಂಡಿದೆ. ಜನಾಂಗ ತಾರತಮ್ಯದ ವಿರುದ್ಧದ್ದನ್ನು 1968ರಲ್ಲಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದನ್ನೂ ಆರ್ಥಿಕ, ಸಾಮಾಜಿಕ ಹಕ್ಕುಗಳದ್ದನ್ನೂ 1979ರಲ್ಲಿ, ಮಕ್ಕಳ ಹಕ್ಕುಗಳದ್ದನ್ನು 1992ರಲ್ಲಿ, ಮಹಿಳೆಯರದ್ದನ್ನು 1993ರಲ್ಲಿ, ಅಂಗವಿಕಲರದ್ದನ್ನು 2007ರಲ್ಲಿ. ಒಪ್ಪಿಕೊಂಡ ಮೇಲೆ ಕೆಲವು ವರ್ಷಗಳಿಗೊಮ್ಮೆ ವರದಿ ಕೊಡಬೇಕು. ತಜ್ಞರ ಸಮಿತಿ ಅದನ್ನು ಓದಿ ಪ್ರಶ್ನೆ ಕೇಳುತ್ತದೆ, ಶಿಫಾರಸು ಮಾಡುತ್ತದೆ. ಇದಲ್ಲದೆ 2008ರಿಂದ ಯುಪಿಆರ್ ಎಂಬ ಇನ್ನೊಂದು ಪರಿಶೀಲನೆ ನಡೆಯುತ್ತಿದೆ. ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಪ್ರತಿ ದೇಶವೂ ಜಿನೀವಾದ ಸಭಾಂಗಣದಲ್ಲಿ ಮೂರೂವರೆ ಗಂಟೆ ಕೂತು ಉಳಿದ ದೇಶಗಳ ಮಾತು ಕೇಳಿಸಿಕೊಳ್ಳಬೇಕು. ಶಿಫಾರಸುಗಳಲ್ಲಿ ಕೆಲವನ್ನು ‘ಒಪ್ಪಿದ್ದೇವೆ’ ಎನ್ನಬಹುದು, ಉಳಿದವನ್ನು ‘ಗಮನಿಸಿದ್ದೇವೆ’ ಎನ್ನಬಹುದು. ‘ಗಮನಿಸಿದ್ದೇವೆ’ ಎಂದರೆ ಆಗುವುದಿಲ್ಲ ಎಂದರ್ಥ. ಮದುವೆ ಸಂಬಂಧ ಬೇಡವಾದಾಗ “ಜಾತಕ ನೋಡಿ ಹೇಳ್ತೀವಿ” ಎನ್ನುವ ಹಾಗೆ.

ಭಾರತ 2008, 2012, 2017 ಮತ್ತು 2022ರಲ್ಲಿ ಹೀಗೆ ಕೂತಿದೆ. 2012ರಲ್ಲಿ 169 ಶಿಫಾರಸುಗಳಲ್ಲಿ 67ನ್ನು ಒಪ್ಪಿತು. 2017ರಲ್ಲಿ 250ರಲ್ಲಿ 152, 2022ರಲ್ಲಿ 339ರಲ್ಲಿ 221. ಅಂಕಿ ನೋಡಿದರೆ ಸಂತೋಷಪಡಬೇಕು, ಒಪ್ಪಿಗೆ ಏರುತ್ತಲೇ ಇದೆ. ಆದರೆ ಈ 221 ಒಪ್ಪಿಗೆಗಳು ಜಿನೀವಾದಿಂದ ವಿಮಾನ ಹತ್ತಿ ಬಂದ ಮೇಲೆ ಯಾರ ಮೇಜಿನ ಮೇಲೆ ಇಳಿದವು? ಯಾವ ಇಲಾಖೆಗೆ ಎಷ್ಟು ಬಂದವು? ಯಾವ ತಾರೀಕಿನೊಳಗೆ ಏನಾಗಬೇಕು? ಕರ್ನಾಟಕದ ಪಾಲಿಗೆ ಬಂದದ್ದು ಯಾವುದು? ಇವಕ್ಕೆ ಉತ್ತರವಿರುವ ಒಂದು ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಯ ಮೇಲಾಗಲಿ ವಿಧಾನಸಭೆಯ ಚರ್ಚೆಯಲ್ಲಾಗಲಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲಿ ಕೆಲಸ ಹೇಗೆ ಹಂಚಿಹೋಗಿದೆ ನೋಡಿ. ಯುಪಿಆರ್ ವರದಿಯ ಸಮನ್ವಯ ವಿದೇಶಾಂಗ ಸಚಿವಾಲಯದ್ದು. ಮಹಿಳೆಯರ, ಮಕ್ಕಳ ಒಡಂಬಡಿಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಅಂಗವಿಕಲರದ್ದು ಸಾಮಾಜಿಕ ನ್ಯಾಯ ಸಚಿವಾಲಯದ್ದು. ಪೊಲೀಸ್ ವಿಷಯ ಬಂದರೆ ಗೃಹ ಸಚಿವಾಲಯ. ಆದರೆ ಸಂವಿಧಾನದ ಏಳನೇ ಅನುಸೂಚಿ ತೆರೆದರೆ ಪೊಲೀಸ್, ಸೆರೆಮನೆ, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಸ್ಥಳೀಯ ಸಂಸ್ಥೆಗಳು ಎಲ್ಲ ರಾಜ್ಯ ಪಟ್ಟಿಯಲ್ಲಿವೆ. ಅಂದರೆ ಮಾತು ಕೊಡುವುದು ಜಿನೀವಾದಲ್ಲಿ, ವರದಿ ಬರೆಯುವುದು ದೆಹಲಿಯಲ್ಲಿ, ನಡೆಸಿಕೊಡಬೇಕಾದದ್ದು ಹಾವೇರಿಯಲ್ಲಿ, ಕೋಲಾರದಲ್ಲಿ, ಬೆಂಗಳೂರಿನ ಒಂದು ಠಾಣೆಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೆ ದೇವರು ವರ ಕೊಟ್ಟ ಸುದ್ದಿಯೇ ತಲುಪಿಲ್ಲ.

ವರದಿ ತಯಾರಾಗುವ ರೀತಿಯೂ ನಮಗೆಲ್ಲ ಗೊತ್ತಿರುವಂಥದ್ದೇ. ಗಡುವು ಹತ್ತಿರ ಬಂದಾಗ ಮೇಲಿನಿಂದ ಪತ್ರ ಬರುತ್ತದೆ, ‘ಅತಿ ಜರೂರು’ ಎಂಬ ಷರಾದೊಂದಿಗೆ. ಕೆಳಗಿನವರು ಯೋಜನೆಗಳ ಹೆಸರು, ಕಾಯ್ದೆಗಳ ಹೆಸರು, ಬಿಡುಗಡೆಯಾದ ಅನುದಾನದ ಮೊತ್ತ ಬರೆದು ಕಳಿಸುತ್ತಾರೆ. ಎಲ್ಲವನ್ನೂ ಒಟ್ಟು ಸೇರಿಸಿ ಹೊಲಿದರೆ ವರದಿ. ಕೇಳಿದ್ದು ಏನಾಯಿತೆಂದು, ಉತ್ತರ ಯಾವ ಯೋಜನೆ ಇದೆಯೆಂದು. ಪರಿಶೀಲನೆ ಮುಗಿದ ಮೇಲೆ ಆ ತಂಡ ಚದುರುತ್ತದೆ, ಅಧಿಕಾರಿಗೆ ವರ್ಗವಾಗುತ್ತದೆ. ಮುಂದಿನ ಸಲ ಹೊಸಬರು ಹಳೆಯ ವರದಿಯನ್ನೇ ಮಾದರಿಯಾಗಿಟ್ಟುಕೊಂಡು ಕೂರುತ್ತಾರೆ.

ಇದಕ್ಕೆ ಮದ್ದು ಏನೆಂದು ಜಗತ್ತಿಗೆ ತಿಳಿಯದೆ ಇಲ್ಲ. 2016ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಇದಕ್ಕಾಗಿಯೇ ಒಂದು ಕೈಪಿಡಿ ಹೊರತಂದಿತು. ವರದಿ ಮಾಡಲು ಮತ್ತು ಅದರ ಬೆನ್ನು ಹತ್ತಲು ಪ್ರತಿ ದೇಶವೂ ಸರ್ಕಾರದೊಳಗೇ ಒಂದು ಕಾಯಂ ಘಟಕ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಅದಕ್ಕೆ ನಾಲ್ಕು ಶಕ್ತಿಗಳಿರಬೇಕು: ಹೊರಗಿನ ಸಂಸ್ಥೆಗಳೊಂದಿಗೆ ವ್ಯವಹಾರ, ಇಲಾಖೆಗಳ ನಡುವೆ ಸಮನ್ವಯ, ಜನಸಂಘಟನೆಗಳೊಂದಿಗೆ ಸಮಾಲೋಚನೆ, ಮಾಹಿತಿಯ ನಿರ್ವಹಣೆ. ದಕ್ಷಿಣ ಅಮೆರಿಕದ ಪರಾಗ್ವೆ ಸಿಮೋರೆ ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿಕೊಂಡಿದೆ. ತನಗೆ ಬಂದ ಪ್ರತಿ ಶಿಫಾರಸನ್ನೂ ಅಲ್ಲಿ ನಮೂದಿಸಿ, ಇದು ಯಾವ ಸಂಸ್ಥೆಯ ಹೊಣೆ ಎಂದು ಗುರುತಿಸಿ, ಏನಾಗಿದೆ ಎಂದು ತುಂಬಿ, ಯಾರು ಬೇಕಾದರೂ ನೋಡುವಂತೆ ಇಡುತ್ತಾರೆ. ಪರಾಗ್ವೆ ಸ್ವರ್ಗವಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿನ ಒಬ್ಬ ವಿದ್ಯಾರ್ಥಿ “ಇದನ್ನು ಯಾರು ಮಾಡಬೇಕಿತ್ತು?” ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ. ಕರ್ತೃಪದ ಸಿಗುತ್ತದೆ. ಜಗತ್ತಿಗೆ ಸಾಫ್ಟ್‌ವೇರ್ ಬರೆದುಕೊಡುವ ಬೆಂಗಳೂರಿನ ನಾಡಿಗೆ ಇದು ತಾಂತ್ರಿಕವಾಗಿ ಕಷ್ಟ ಎಂದು ಯಾರಾದರೂ ಹೇಳಿದರೆ ನಗು ಬರುತ್ತದೆ.

ಕರ್ತೃಪದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಚಿತ್ರಹಿಂಸೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತು. ಸಹಿ ಅಷ್ಟೇ, ಅನುಮೋದನೆ ಆಗಿಲ್ಲ. ನಿಶ್ಚಿತಾರ್ಥವಾಗಿ ಕಾಲು ಶತಮಾನ ಕಳೆದರೂ ಮದುವೆಯಾಗದ ಕಥೆ ಇದು. 2010ರಲ್ಲಿ ಲೋಕಸಭೆ ಒಂದು ಮಸೂದೆ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಲೋಕಸಭೆಯ ಅವಧಿ ಮುಗಿದು ಮಸೂದೆ ಸತ್ತಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಅನುಮೋದನೆಗೆ ಶಿಫಾರಸು ಮಾಡಿ, ಕರಡು ಮಸೂದೆಯನ್ನೂ ಬರೆದುಕೊಟ್ಟಿತು. ಯುಪಿಆರ್‌ನಲ್ಲಿ ಈ ಮಾತು ಮತ್ತೆ ಮತ್ತೆ ಬಂತು, ಭಾರತ ಒಪ್ಪಿಯೂ ಒಪ್ಪಿತು. ಆದರೆ 2017ರ ಅದೇ ಸಭೆಯಲ್ಲಿ ಭಾರತದ ಅಟಾರ್ನಿ ಜನರಲ್ ಆಗಿದ್ದ ಮುಕುಲ್ ರೋಹಟಗಿ ಅವರು, ಚಿತ್ರಹಿಂಸೆಯ ಕಲ್ಪನೆಯೇ ನಮ್ಮ ಸಂಸ್ಕೃತಿಗೆ ಪರಕೀಯವಾದದ್ದು ಎಂಬರ್ಥದ ಮಾತು ಆಡಿದರು.

ನಾನು ಕನ್ನಡದವನು. ನಮ್ಮ ಭಾಷೆಯಲ್ಲಿ ‘ಏರೋಪ್ಲೇನ್ ಹತ್ತಿಸೋದು’ ಎಂಬ ಮಾತಿಗೆ ಠಾಣೆಯ ಸಂದರ್ಭದಲ್ಲಿ ಏನರ್ಥವೆಂದು ನಮ್ಮ ಊರಿನ ಹುಡುಗರಿಗೆಲ್ಲ ಗೊತ್ತು. ‘ಲಾಕಪ್ ಡೆತ್’ ಎಂಬ ಇಂಗ್ಲಿಷ್ ಜೋಡಿಪದ ಕನ್ನಡ ಪತ್ರಿಕೆಗಳಲ್ಲಿ ಅನುವಾದ ಬೇಡದಷ್ಟು ನಮ್ಮದಾಗಿದೆ. ‘ಬಾಯಿ ಬಿಡಿಸುವುದು’ ಎಂಬ ನಮ್ಮ ನುಡಿಗಟ್ಟನ್ನು ಯಾವ ಪರದೇಶದವರು ತಂದುಕೊಟ್ಟರು? ಸಂಸ್ಕೃತಿಗೆ ಪರಕೀಯವಾದದ್ದಕ್ಕೆ ಜನ ಇಷ್ಟು ಪದಗಳನ್ನು ಕಟ್ಟಿಕೊಳ್ಳುವುದಿಲ್ಲ.

ಹಳೆಯ ದಂಡಸಂಹಿತೆಯ 330, 331ನೇ ಕಲಮುಗಳು ತಪ್ಪೊಪ್ಪಿಗೆಗಾಗಿ ಹೊಡೆಯುವುದನ್ನು ಅಪರಾಧ ಎಂದಿದ್ದವಲ್ಲ, ಬೇರೆ ಕಾನೂನು ಯಾಕೆ ಎಂಬ ವಾದ ಒಂದಿದೆ. ಆ ಸಂಹಿತೆ 1860ರದು. ಅದೊಂದೇ ಸಾಕಾಗಿದ್ದರೆ ಬಂಧನದ ವೇಳೆ ಪಾಲಿಸಬೇಕಾದ ನಿಯಮಗಳ ಪಟ್ಟಿಯನ್ನು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬರೆದುಕೊಡಬೇಕಾಗುತ್ತಿರಲಿಲ್ಲ. 2020ರಲ್ಲಿ ಅದೇ ಕೋರ್ಟು ದೇಶದ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಹಾಕಿ ಎಂದು ಆದೇಶಿಸಬೇಕಾಗುತ್ತಿರಲಿಲ್ಲ. ಹಕ್ಕಿನ ಮಾತು ಬೇಡ, ದೇಶದ ಸುರಕ್ಷೆಯ ಮಾತು ಬೇಕು ಎನ್ನುವವರಿಗೂ ಒಂದು ವಿಷಯ ನೆನಪಿಸಬೇಕು. 1995ರ ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಭಾರತಕ್ಕೆ ಒಪ್ಪಿಸಲು 2011ರಲ್ಲಿ ಡೆನ್ಮಾರ್ಕಿನ ನ್ಯಾಯಾಲಯ ನಿರಾಕರಿಸಿತು. ಕಾರಣ, ಇಲ್ಲಿ ಅವನಿಗೆ ಚಿತ್ರಹಿಂಸೆಯಾಗುವ ಭಯ. ಕೊಟ್ಟ ಮಾತು ನಡೆಸದಿದ್ದರೆ ಬಡವನ ಬೆನ್ನಿಗೆ ಬಾಸುಂಡೆ ಬೀಳುತ್ತದೆ, ದೇಶದ ಮಾತಿಗೆ ಬೆಲೆಯೂ ಇಳಿಯುತ್ತದೆ.

ಎರಡನೆಯದು ನಮ್ಮ ಮನೆಬಾಗಿಲಿನದೇ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1993ರದು. ನೈರ್ಮಲ್ಯ ರಾಜ್ಯಗಳ ವಿಷಯವಾದ್ದರಿಂದ ಕೆಲವು ರಾಜ್ಯಗಳು ಕೇಳಿಕೊಂಡ ಮೇಲೆ ಸಂಸತ್ತು ಅದನ್ನು ಮಾಡಿತು. ಹಾಗೆ ಮೊದಲು ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಮ್ಮೆಪಡಬೇಕಾದ ಸಂಗತಿ. ಆದರೆ ಕಾಯ್ದೆ ಜಾರಿಗೆ ಬಂದದ್ದು 1997ರ ಜನವರಿಯಲ್ಲಿ. ಅದಾಗಿ ಹದಿಮೂರು ವರ್ಷಕ್ಕೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಾವು ಇದ್ದೇವೆ ಎಂದು ಸರ್ಕಾರಕ್ಕೆ ತೋರಿಸಲು ಅವರಿಗೆ ಉಳಿದಿದ್ದ ಭಾಷೆ ಅದೊಂದೇ. ಈ ಪದ್ಧತಿಯ ವಿರುದ್ಧ ದೇಶವನ್ನೇ ಎಚ್ಚರಿಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯವರು. ಗಣಿ ಕಾಲೋನಿಯ ಒಣ ಪಾಯಿಖಾನೆಗಳಿಂದಲೇ ಅವರ ಹೋರಾಟ ಶುರುವಾದದ್ದು.

2013ರಲ್ಲಿ ಹೊಸ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಮೂರು ಪಟ್ಟು ಹೆಚ್ಚಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಹೀಗಿದ್ದೂ 2021ರ ಜುಲೈಯಲ್ಲಿ ಕೇಂದ್ರ ಸಚಿವರು ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ, ಮಲ ಹೊರುವ ಕೆಲಸದಿಂದ ಯಾವ ಸಾವೂ ವರದಿಯಾಗಿಲ್ಲ ಎಂದು. ಇದು ಸುಳ್ಳೇ? ತಾಂತ್ರಿಕವಾಗಿ ಅಲ್ಲ, ಅದೇ ಭಯಂಕರ. 2013ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮಲ ಹೊರುವವರು ಬೇರೆ, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ‘ಅಪಾಯಕಾರಿ ಸ್ವಚ್ಛತೆ’ ಬೇರೆ. ಸುರಕ್ಷಾ ಸಾಧನ ಕೊಟ್ಟು ಇಳಿಸಿದರೆ ಅವನು ಮಲ ಹೊರುವವನೇ ಅಲ್ಲ. ಮ್ಯಾನ್‌ಹೋಲ್‌ನಲ್ಲಿ ಉಸಿರುಗಟ್ಟಿ ಸತ್ತವನ ಹೆಣ ಒಂದು ಕಾಲಂನಿಂದ ಇನ್ನೊಂದು ಕಾಲಂಗೆ ಜರುಗಿತು, ಮೊದಲ ಕಾಲಂನಲ್ಲಿ ಸೊನ್ನೆ ಉಳಿಯಿತು. ಹೊರದೇಶಕ್ಕೆ ವರದಿ ಬರೆಯುವವನ ಕೈಗೆ ಸಿಗುವುದು ಆ ಸೊನ್ನೆ. ಇಲಾಖೆಗಳನ್ನೂ ರಾಜ್ಯಗಳನ್ನೂ ಒಟ್ಟಿಗೆ ಕೂರಿಸಿ, ಕಾರ್ಮಿಕ ಸಂಘಟನೆಗಳನ್ನು ಎದುರಿಗೆ ಕೂರಿಸಿ ಲೆಕ್ಕ ಹಾಕುವ ಘಟಕ ಇದ್ದಿದ್ದರೆ ಆ ಸೊನ್ನೆಗೆ ಅಲ್ಲೇ ಪ್ರಶ್ನೆ ಬರುತ್ತಿತ್ತು.

ಗಡುವಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಾಗರಿಕ, ರಾಜಕೀಯ ಹಕ್ಕುಗಳ ಸಮಿತಿಯ ಮುಂದೆ ಭಾರತ 1997ರಲ್ಲಿ ಹಾಜರಾಯಿತು. ಮುಂದಿನ ವರದಿ 2001ಕ್ಕೆ ಕೊಡಬೇಕಿತ್ತು. ಮತ್ತೆ ಹಾಜರಾದದ್ದು 2024ರ ಜುಲೈಯಲ್ಲಿ, ಇಪ್ಪತ್ತೇಳು ವರ್ಷಗಳ ಮೇಲೆ. ನನ್ನ ತರಗತಿಯ ಮಕ್ಕಳು ಹುಟ್ಟಿ, ಓದು ಕಲಿತು, ಮತದಾರರಾಗುವಷ್ಟು ಕಾಲ ಈ ದೇಶ ಅವರ ವಾಕ್ ಸ್ವಾತಂತ್ರ್ಯದ ಬಗ್ಗೆ ಆ ಸಮಿತಿಗೆ ಉತ್ತರ ಹೇಳಲಿಲ್ಲ. ಒಬ್ಬ ವಿದ್ಯಾರ್ಥಿ ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಜಿನೀವಾದವರು ನಮಗೆ ಹೇಳುವುದಕ್ಕೆ ಯಾರು ಎಂಬುದು. ಜಿನೀವಾದಲ್ಲಿ ಕೂತು ಉಪದೇಶ ಮಾಡುವ ಬಲಾಢ್ಯ ದೇಶಗಳ ಕೈಯೂ ಶುದ್ಧವಲ್ಲ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಪಠ್ಯಗಳು ಹೊರಗಿನವರದ್ದಲ್ಲ. 1948ರ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬರ್ಥದ ಮಾತನ್ನು ‘ಎಲ್ಲ ಮನುಷ್ಯರು’ ಎಂದು ತಿದ್ದಿಸಿದವರು ಭಾರತದ ಹಂಸಾ ಮೆಹ್ತಾ. ಅವರು ನಮ್ಮ ಸಂವಿಧಾನ ಸಭೆಯ ಸದಸ್ಯೆ. ಇನ್ನು ಪ್ರಯೋಜನದ ಮಾತು: 1997ರಲ್ಲಿ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಒಡಂಬಡಿಕೆಯನ್ನು ಆಧಾರವಾಗಿಟ್ಟುಕೊಂಡೇ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ಬರೆಯಿತು. ಸಂಸತ್ತು ಅದನ್ನು ಕಾಯ್ದೆ ಮಾಡಿದ್ದು 2013ರಲ್ಲಿ. ಇಂದು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಆಂತರಿಕ ದೂರು ಸಮಿತಿಯ ಹೆಸರುಗಳಿರುವುದರ ಹಿಂದೆ ಆ ‘ಹೊರಗಿನ’ ಒಡಂಬಡಿಕೆ ಇದೆ.

ಎರಡನೆಯ ಆಕ್ಷೇಪ, ಮಾನವ ಹಕ್ಕುಗಳ ಆಯೋಗ ಇದೆಯಲ್ಲ ಎಂಬುದು. ಆಯೋಗದ ಕೆಲಸ ಸರ್ಕಾರವನ್ನು ಕಾಯುವುದು, ಸರ್ಕಾರದ ಕೆಲಸವನ್ನು ತಾನೇ ಮಾಡುವುದಲ್ಲ. ಆ ಕಾಯುವ ಕೆಲಸವಾದರೂ ಸರಿಯೇ? ಮಾನವ ಹಕ್ಕು ಸಂಸ್ಥೆಗಳಿಗೆ ದರ್ಜೆ ಕೊಡುವ ಜಾಗತಿಕ ಒಕ್ಕೂಟ 2023ರಲ್ಲೂ 2024ರಲ್ಲೂ ನಮ್ಮ ರಾಷ್ಟ್ರೀಯ ಆಯೋಗದ ಮಾನ್ಯತೆಯನ್ನು ಮುಂದೂಡಿತು. ಪೊಲೀಸರ ಮೇಲಿನ ದೂರನ್ನೂ ಪೊಲೀಸ್ ಅಧಿಕಾರಿಗಳೇ ತನಿಖೆ ಮಾಡುವುದು ಅದರ ಆಕ್ಷೇಪಗಳಲ್ಲೊಂದು. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ನಮಗೆ ಹೊಸದಲ್ಲ.

ಮೂರನೆಯದು, ಇನ್ನೊಂದು ಸಮಿತಿ ಮಾಡಿದರೆ ಇನ್ನೊಂದು ಕಾರು, ಇನ್ನೊಂದು ಬೋರ್ಡು ಅಷ್ಟೇ ಎಂಬುದು. ಈ ಸಂಶಯ ನನಗೂ ಇದೆ. ಹಾಗಾಗಿ ನಾನು ಸಮಿತಿ ಕೇಳುತ್ತಿಲ್ಲ, ಪಟ್ಟಿ ಕೇಳುತ್ತಿದ್ದೇನೆ. ಒಪ್ಪಿಕೊಂಡ ಶಿಫಾರಸು ಒಂದು ಕಾಲಂನಲ್ಲಿ, ಅದರ ಹೊಣೆ ಹೊತ್ತ ಇಲಾಖೆ ಮತ್ತು ಅಧಿಕಾರಿಯ ಹುದ್ದೆ ಎರಡನೆಯದರಲ್ಲಿ, ಗಡುವು ಮೂರನೆಯದರಲ್ಲಿ, ಆದದ್ದು ಏನು ಎಂಬುದು ನಾಲ್ಕನೆಯದರಲ್ಲಿ. ಕೇಂದ್ರಕ್ಕೊಂದು, ಪ್ರತಿ ರಾಜ್ಯಕ್ಕೊಂದು. ಕರ್ನಾಟಕದ್ದು ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ. ವರ್ಷಕ್ಕೊಂದು ದಿನ ಅದರ ಮೇಲೆ ಸದನದಲ್ಲಿ ಚರ್ಚೆ. ಇದೇನೂ ದೊಡ್ಡ ಬೇಡಿಕೆಯಲ್ಲ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ ಈಗಾಗಲೇ ಆಯೋಗಗಳ ವಾರ್ಷಿಕ ವರದಿಯನ್ನು ಸದನದಲ್ಲಿ ಮಂಡಿಸಬೇಕು, ಕೈಗೊಂಡ ಕ್ರಮದ ಟಿಪ್ಪಣಿ ಜೊತೆಗಿಡಬೇಕು, ಯಾವುದನ್ನಾದರೂ ಒಪ್ಪದಿದ್ದರೆ ಕಾರಣ ಹೇಳಬೇಕು ಎಂದಿದೆ. ಆಯೋಗದ ಮಾತಿಗೆ ಇರುವ ಈ ಶಿಸ್ತು ದೇಶ ತಾನೇ ಹೊರಗೆ ಕೊಟ್ಟುಬಂದ ಮಾತಿಗೂ ಇರಲಿ ಎಂಬುದಷ್ಟೇ ನನ್ನ ವಾದ.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತೀರಿ ಎಂದು ಕೇಳುವವರಿದ್ದಾರೆ. ವಾಕ್ಯವನ್ನು ಬಿಡಿಸಿ ನೋಡುವ ವಿದ್ಯೆ ಕಲಿತವರು ಸಾಹಿತ್ಯದ ವಿದ್ಯಾರ್ಥಿಗಳೇ ತಾನೆ? ಕಥೆಯಲ್ಲಿ ನಿರೂಪಕ ಯಾರು, ಯಾರ ಮಾತು ಕೇಳಿಸುತ್ತಿಲ್ಲ ಎಂದು ಪತ್ತೆ ಮಾಡಲು ನಾವು ವರ್ಷಗಟ್ಟಲೆ ಕಲಿಯುತ್ತೇವೆ. ಆ ಕಣ್ಣನ್ನು ಸರ್ಕಾರಿ ಗದ್ಯದ ಮೇಲೂ ಇಡಿ. 2022ರ ವರದಿಯನ್ನು ತೆಗೆದುಕೊಂಡು ನಾಲ್ಕು ಪುಟ ಕನ್ನಡಕ್ಕೆ ತನ್ನಿ. ‘-ಲಾಗಿದೆ’ ಬಂದ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ‘ಯಾರು?’ ಎಂದು ಬರೆಯಿರಿ. ಆ ‘ಯಾರು?’ಗಳನ್ನು ಒಟ್ಟುಮಾಡಿ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಾಗಿ ಸಂಬಂಧಪಟ್ಟ ಇಲಾಖೆಗೆ ಕಳಿಸಿ. ಬರುವ ಉತ್ತರವೂ ‘-ಲಾಗಿದೆ’ ಎಂದೇ ಮುಗಿದಿರಬಹುದು. ಆಗ ಮೇಲ್ಮನವಿ ಹಾಕಿ.